ಹಿಯರ್, ಹಿಯರ್!

ಇಂಗ್ಲಿಷರು ನಮಗೆ ಬಿಟ್ಟುಹೋದ ವಸ್ತುಗಳಲ್ಲಿ ಸಭೆ ನಡೆಸುವ ಕ್ರಮವೂ ಒಂದು. ನಮ್ಮಲ್ಲಿ ಹಿಂದೆ ಸಭೆಗಳೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಆದರೆ ಗೊತ್ತುವಳಿಯನ್ನು ಒಬ್ಬರು ಮಂಡಿಸಿ ಇನ್ನೊಬ್ಬರು ಅನುಮೋದಿಸುವುದು, ಅದಕ್ಕೆ ಮತ್ತೊಬ್ಬರು ತಿದ್ದುಪಡಿ ತರುವುದು, ಕೋರಂ ಎಣಿಸುವುದು, ಕಡೆಗೆ ಎಲ್ಲವನ್ನೂ ಮತಕ್ಕೆ ಹಾಕುವುದು, ಇವೆಲ್ಲ ಆ ದೇಶದ ಪಾರ್ಲಿಮೆಂಟಿನಿಂದ ಹೊರಟು ನಮ್ಮ ಸಹಕಾರ ಸಂಘಗಳವರೆಗೆ, ಕಾಲೇಜಿನ ಚರ್ಚಾಕೂಟಗಳವರೆಗೆ ಹಬ್ಬಿದ ಪದ್ಧತಿಗಳು. ಇವುಗಳ ಜೊತೆಯಲ್ಲಿ ಬಂದ ಮಾತುಗಳಲ್ಲಿ ಕೆಲವಕ್ಕೆ ನಾವು ಕನ್ನಡದ ಉಡುಗೆ ತೊಡಿಸಿದೆವು. ಕೆಲವನ್ನು ಬಂದ ವೇಷದಲ್ಲಿಯೇ ಮನೆಯೊಳಕ್ಕೆ ಬಿಟ್ಟುಕೊಂಡೆವು. ಹೀಗೆ ವೇಷ ಬದಲಿಸದೆ ಉಳಿದವುಗಳಲ್ಲಿ ‘ಹಿಯರ್, ಹಿಯರ್’ ಎಂಬ ಉದ್ಗಾರವೂ ಸೇರಿದೆ. ಭಾಷಣಕಾರನ ಮಾತು ಸೊಗಸಾಗಿ ಬಂದಾಗ, ಇಲ್ಲವೆ ತಮ್ಮ ಮನಸ್ಸಿಗೆ ಒಪ್ಪಿದಾಗ, ಸಭೆಯಲ್ಲಿ ಕುಳಿತವರು ಕೂಗುವ ಕೂಗು ಇದು. ‘ಭಲೆ’, ‘ಶಹಬಾಸ್’ ಎಂಬ ನಮ್ಮ ಮಾತುಗಳ ಇಂಗ್ಲಿಷ್ ಅಣ್ಣನೆಂದು ಎಲ್ಲರೂ ಇದನ್ನು ತಿಳಿದಿದ್ದಾರೆ.

ಈ ತಿಳಿವಳಿಕೆ ಸುಳ್ಳೇನೂ ಅಲ್ಲ. ಆದರೆ ಅದು ಅರ್ಧ ಕಥೆ. ಅದೂ ಕಥೆಯ ಕಡೆಯ ಅರ್ಧ. ಮೊದಲ ಅರ್ಧವನ್ನು ಮರೆತದ್ದರಿಂದ ನಮ್ಮ ಸಭೆಗಳಿಗೆ ಸಣ್ಣದಲ್ಲದ ನಷ್ಟವಾಗಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಕಾಗುಣಿತದ ತೊಡಕನ್ನು ಬಿಡಿಸಿಬಿಡಬಹುದು. ಇಂಗ್ಲಿಷಿನಲ್ಲಿ ಒಂದೇ ಉಚ್ಚಾರಣೆಯ ಎರಡು ಮಾತುಗಳಿವೆ. ಎಚ್, ಇ, ಎ, ಆರ್ ಎಂದು ಬರೆದರೆ ‘ಕೇಳು’ ಎಂಬ ಕ್ರಿಯಾಪದ. ಎಚ್, ಇ, ಆರ್, ಇ ಎಂದು ಬರೆದರೆ ‘ಇಲ್ಲಿ’ ಎಂಬ ಅವ್ಯಯ. ಕನ್ನಡ ಲಿಪಿ ಕಿವಿಯನ್ನು ನಂಬಿ ನಡೆಯುವ ಲಿಪಿಯಾದುದರಿಂದ ಎರಡಕ್ಕೂ ಒಂದೇ ರೂಪ ಕೊಡುತ್ತದೆ. ನಮ್ಮ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಬರೆಯುವಾಗ ಎಡವಿ ‘ಇಲ್ಲಿ, ಇಲ್ಲಿ’ ಎಂದು ಬರೆದರೆ ಅವರನ್ನು ಹೆಚ್ಚಾಗಿ ಗದರಿಸಬೇಕಾಗಿಲ್ಲ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಪಡೆದವರೂ ಧಾರಾಳವಾಗಿ ಹಾಗೆ ಬರೆಯುತ್ತಾರೆ. ಸರಿಯಾದುದು ‘ಕೇಳು’ ಎಂಬ ಅರ್ಥದ ರೂಪ. ಆದರೂ ಈ ತಪ್ಪಿನಲ್ಲಿ ಒಂದು ಸ್ವಾರಸ್ಯವಿದೆ. ಹಾಜರಿ ಕರೆದಾಗ ಹುಡುಗರು ‘ಇದ್ದೇನೆ’ ಎನ್ನುವಂತೆ, ‘ನಾನು ಇಲ್ಲಿದ್ದೇನೆ, ನಿನ್ನ ಪಕ್ಷದಲ್ಲಿದ್ದೇನೆ’ ಎಂಬ ಅರ್ಥ ಅದಕ್ಕೆ ತಾನಾಗಿ ಹೊಂದುತ್ತದೆ. ಇಂದು ಈ ಕೂಗನ್ನು ಬಳಸುವವರ ಮನಸ್ಸಿನಲ್ಲಿರುವುದು ಬಹುಮಟ್ಟಿಗೆ ಇದೇ ಅಲ್ಲವೆ? ಕಾಗುಣಿತದಲ್ಲಿ ತಪ್ಪಿದವರು ಮಾತಿನ ಈಗಿನ ಬಳಕೆಯನ್ನು ಸರಿಯಾಗಿಯೇ ಹಿಡಿದಿದ್ದಾರೆ. ಬಳಕೆಯೇ ಮೂಲದಿಂದ ದೂರ ಸರಿದಿದೆ.

ಮೂಲದ ಮಾತು ಇಷ್ಟು ಚಿಕ್ಕದಾಗಿರಲಿಲ್ಲ. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನೊಳಗೆ ಕೇಳಿಬರುತ್ತಿದ್ದ ಕೂಗು ‘ಹಿಯರ್ ಹಿಮ್, ಹಿಯರ್ ಹಿಮ್’ ಎಂಬುದು. ‘ಅವರ ಮಾತನ್ನು ಕೇಳಿ, ಅವರ ಮಾತನ್ನು ಕೇಳಿ’ ಎಂದು ಇದರ ನೇರವಾದ ಅರ್ಥ. ಅಂದಿನ ಕಾಮನ್ಸ್ ಸಭೆಯನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಬೇಕು. ಧ್ವನಿವರ್ಧಕವಿಲ್ಲ. ಇಕ್ಕಟ್ಟಾದ ಬೆಂಚುಗಳು. ಸದಸ್ಯರು ಬರುತ್ತಿದ್ದಾರೆ, ಹೋಗುತ್ತಿದ್ದಾರೆ, ಪಕ್ಕದವರೊಡನೆ ಹರಟುತ್ತಿದ್ದಾರೆ. ಬೇಡವಾದ ಭಾಷಣಕಾರನನ್ನು ಅಡಗಿಸಲು ಕೆಮ್ಮುವುದು, ನೆಲಕ್ಕೆ ಕಾಲು ತಿಕ್ಕುವುದು, ನರಳುವುದು ಮುಂತಾದ ಉಪಾಯಗಳು ಬಹುಕಾಲ ಅಲ್ಲಿ ನಡೆದುಬಂದವು. ಈ ಗದ್ದಲದ ನಡುವೆ ಒಬ್ಬಿಬ್ಬರು ಎದ್ದು, ಮಾತನಾಡುತ್ತಿರುವವನ ಪರವಾಗಿ ಉಳಿದವರನ್ನು ಕುರಿತು ‘ಅವರ ಮಾತನ್ನು ಕೇಳಿ’ ಎನ್ನುವರು. ಆ ಕೂಗಿನ ಮುಖ ಭಾಷಣಕಾರನ ಕಡೆಗಿಲ್ಲ, ಗದ್ದಲ ಮಾಡುವವರ ಕಡೆಗಿದೆ. ಅದು ಹೊಗಳಿಕೆಯಲ್ಲ, ಕಿವಿಗಳನ್ನು ಬೇಡುವ ಪ್ರಾರ್ಥನೆ. ಬೇಡಿದರೆ ಕೊಡದವರಿಗೆ ಆಜ್ಞೆ.

ಇಂಥ ಬೇಡಿಕೆ ಪಾರ್ಲಿಮೆಂಟಿಗಿಂತ ಬಹಳ ಹಳೆಯದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿಯ ನ್ಯಾಯಸ್ಥಾನಗಳ ಬಾಗಿಲಲ್ಲಿ ‘ಓಯೆಜ್’ ಎಂಬ ಫ್ರೆಂಚ್ ಮಾತು ನೆಲೆಸಿತು. ಅದರ ಅರ್ಥವೂ ‘ಕೇಳಿರಿ’ ಎಂದೇ. ಭಾಷೆ ಹೋದರೂ ಕೂಗು ಹೋಗಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಕಲಾಪ ಆರಂಭವಾಗುವ ಮುನ್ನ ಇಂದಿಗೂ ಮೂರು ಸಲ ಅದನ್ನೇ ಕೂಗುತ್ತಾರೆ. ನಮ್ಮ ಹಳ್ಳಿಗಳಲ್ಲಿ ಡಂಗುರ ಸಾರುವವನು ‘ಕೇಳ್ರಪ್ಪೋ ಕೇಳ್ರಿ’ ಎಂದು ಎರಡು ಬಾರಿ ಕೂಗಿ ಆಮೇಲೆ ಸುದ್ದಿ ಹೇಳುವುದೂ ಇದೇ ಜಾತಿಯದು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ, ಸಮುವೇಲನ ಎರಡನೆಯ ಗ್ರಂಥದ 20ನೆಯ ಅಧ್ಯಾಯದಲ್ಲಿ, ಒಂದು ಪ್ರಸಂಗವಿದೆ. ರಾಜದ್ರೋಹಿಯೊಬ್ಬನು ಆಬೇಲ್ ಎಂಬ ಊರಿನಲ್ಲಿ ಅಡಗಿದ್ದಾನೆ. ದಾವೀದ ದೊರೆಯ ಸೇನಾಪತಿ ಯೋವಾಬನು ಊರನ್ನು ಮುತ್ತಿ ಕೋಟೆಯ ಗೋಡೆಯನ್ನು ಕೆಡವಿಸುತ್ತಿದ್ದಾನೆ. ಆಗ ಒಳಗಿನಿಂದ ಒಬ್ಬ ಜಾಣೆ ಹೆಂಗಸು ಕೂಗುತ್ತಾಳೆ. 1611ರಲ್ಲಿ ಪ್ರಕಟವಾದ ಜೇಮ್ಸ್ ದೊರೆಯ ಇಂಗ್ಲಿಷ್ ಬೈಬಲಿನಲ್ಲಿ ಅವಳ ಮೊದಲ ಕೂಗು ಇದೇ ‘ಹಿಯರ್’ ಎಂಬ ಕ್ರಿಯಾಪದ, ಎರಡು ಸಲ. ಯೋವಾಬನು ಹತ್ತಿರ ಬಂದು ಕೇಳುತ್ತಾನೆ. ಅವನಿಗೆ ಬೇಕಾದುದು ಇಡೀ ಊರಲ್ಲ, ಒಬ್ಬ ಮನುಷ್ಯ ಮಾತ್ರ ಎಂಬುದು ಮಾತಿನಿಂದ ಹೊರಬೀಳುತ್ತದೆ. ಆ ದ್ರೋಹಿಯ ತಲೆ ಉರುಳುತ್ತದೆ, ಊರು ಉಳಿಯುತ್ತದೆ. ಪಾರ್ಲಿಮೆಂಟಿನ ಕೂಗು ಈ ಹೆಂಗಸಿನ ಬಾಯಿಂದಲೇ ಇಳಿದುಬಂದಿತೆಂದು ನಾನು ಹೇಳುತ್ತಿಲ್ಲ. ‘ಕೇಳಿ, ಕೇಳಿ’ ಎಂಬುದು ಎಂಥ ಸಂಕಟದಲ್ಲಿ ಹುಟ್ಟುವ ಮಾತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಅವಳನ್ನು ಯಾರೂ ಒಪ್ಪಬೇಕಾಗಿರಲಿಲ್ಲ. ಗೋಡೆ ಕೆಡಹುವ ಕೈ ಒಂದು ಗಳಿಗೆ ನಿಂತರೆ ಸಾಕಾಗಿತ್ತು.

ಮತ್ತೆ ಪಾರ್ಲಿಮೆಂಟಿಗೆ ಬರೋಣ. 18ನೆಯ ಶತಮಾನ ಮುಗಿಯುವ ವೇಳೆಗೆ ‘ಹಿಯರ್ ಹಿಮ್’ ಎಂಬುದು ಸವೆದು ‘ಹಿಯರ್, ಹಿಯರ್’ ಎಂದಾಯಿತು. ನುಡಿಗಳು ಸವೆಯುವುದು ಸಹಜ. ನಾಣ್ಯದ ಹಾಗೆ, ಹೆಚ್ಚು ಕೈ ದಾಟಿದಷ್ಟೂ ಹೆಚ್ಚು ಸವೆತ. ಆದರೆ ಇಲ್ಲಿ ಸವೆದುಹೋದ ಪದ ಯಾವುದೆಂಬುದನ್ನು ಗಮನಿಸಬೇಕು. ‘ಹಿಮ್’ ಎಂಬ ಸರ್ವನಾಮ ಬಿದ್ದುಹೋಯಿತು. ‘ಅವರನ್ನು’ ಎಂಬುದು ಇರುವವರೆಗೆ ಆ ವಾಕ್ಯದಲ್ಲಿ ಮೂವರಿದ್ದರು: ಕೂಗುವವನು, ಕೂಗಿಸಿಕೊಳ್ಳುವ ಸಭೆ, ಮಾತನಾಡುತ್ತಿರುವ ಆ ಮೂರನೆಯವನು. ಸರ್ವನಾಮ ಹೋದ ಮೇಲೆ ಕ್ರಮೇಣ ಸಭೆಯೂ ಮರೆಯಾಗಿ, ಕೂಗುವವನ ಸಂತೋಷವೊಂದೇ ಉಳಿಯಿತು. ಕೇಳುವಂತೆ ಇತರರಿಗೆ ಹೇಳುವ ಮಾತು, ತಾನು ಒಪ್ಪಿದೆನೆಂದು ಸಾರುವ ಮಾತಾಯಿತು.

ಅಷ್ಟಕ್ಕೆ ನಿಂತಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ. ಮಾತು ಇನ್ನೂ ಒಂದು ಸುತ್ತು ತಿರುಗಿತು. ಬ್ರಿಟಿಷ್ ಪಾರ್ಲಿಮೆಂಟಿನ ನಡವಳಿಕೆಗೆ ಇಂದಿಗೂ ಆಧಾರವಾಗಿರುವ ಅರ್‌ಸ್ಕಿನ್ ಮೇ ಎಂಬಾತನ ಗ್ರಂಥ ಮೊದಲು ಪ್ರಕಟವಾದದ್ದು 1844ರಲ್ಲಿ. ಈ ಉದ್ಗಾರದ ವಿಷಯವಾಗಿ ಆತನು ಕೊಟ್ಟ ವಿವರಣೆ ಬಹಳ ಸೂಕ್ಷ್ಮವಾದುದು. ವಾಕ್ಯ ಮುಗಿದ ಮೇಲೆ ಒಪ್ಪಿಗೆಯ ಸೂಚಕವಾಗಿ ಅದನ್ನು ನುಡಿದರೆ ಭಾಷಣಕ್ಕೆ ಭಂಗವಿಲ್ಲ; ಆದರೆ ಅದೇ ಶಬ್ದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ನುಡಿದು ವಿರೋಧವನ್ನೂ ಹಾಸ್ಯವನ್ನೂ ತಿರಸ್ಕಾರವನ್ನೂ ತೋರಿಸಬಹುದು; ವಾಕ್ಯ ಮುಗಿಯುವ ಮೊದಲೇ ಗಟ್ಟಿಯಾಗಿ ಕೂಗಿದರಂತೂ ಮಾತನಾಡುವವನಿಗೆ ಅದಕ್ಕಿಂತ ದೊಡ್ಡ ಅಡ್ಡಿ ಮತ್ತೊಂದಿಲ್ಲ ಎಂಬುದು ಅದರ ತಾತ್ಪರ್ಯ. ಯಾವ ಮಾತು ಗದ್ದಲವನ್ನು ಅಡಗಿಸಲು ಹುಟ್ಟಿತೋ ಅದೇ ಗದ್ದಲದ ಕೈಗೆ ಆಯುಧವಾಯಿತು. ‘ಕೇಳಿ, ಕೇಳಿ’ ಎಂಬ ಕೂಗಿನಿಂದಲೇ ಕೇಳದಂತೆ ಮಾಡಬಹುದಾಯಿತು.

ಆ ಕಾಲದ ಗದ್ದಲದ ರುಚಿಯನ್ನು ಪೂರ್ಣವಾಗಿ ಉಂಡವರಲ್ಲಿ ಬೆಂಜಮಿನ್ ಡಿಸ್ರೇಲಿ ಒಬ್ಬ. 1837ರ ಡಿಸೆಂಬರ್ 7ರಂದು ಆತನು ಕಾಮನ್ಸ್ ಸಭೆಯಲ್ಲಿ ತನ್ನ ಪ್ರಥಮ ಭಾಷಣಕ್ಕೆ ಎದ್ದು ನಿಂತನು. ವಿಷಯ ಐರ್ಲೆಂಡಿನ ಚುನಾವಣೆಗಳಿಗೆ ಸಂಬಂಧಪಟ್ಟುದು. ಎದುರಿಗೆ ಐರಿಷ್ ನಾಯಕ ಓಕಾನಲ್‌ನ ಅನುಯಾಯಿಗಳು. ಆತನ ಉಡುಪು, ಆತನ ಅಲಂಕಾರದ ಭಾಷೆ, ಎಲ್ಲವೂ ಅವರಿಗೆ ನಗೆಯ ವಸ್ತುವಾಯಿತು. ನಗು, ಕೂಗು, ಸಿಳ್ಳುಗಳ ನಡುವೆ ಭಾಷಣ ಮುಳುಗಿಹೋಯಿತು. ಕಡೆಗೆ ಡಿಸ್ರೇಲಿ ಧ್ವನಿಯೇರಿಸಿ, ಈಗ ಕುಳಿತುಕೊಳ್ಳುತ್ತೇನೆ, ಆದರೆ ನೀವು ನನ್ನನ್ನು ಕೇಳುವ ಕಾಲ ಬಂದೇ ಬರುತ್ತದೆ ಎಂಬರ್ಥದ ಮಾತು ಹೇಳಿ ಕುಳಿತನು. ಆ ಕಾಲ ಬಂದಿತು; 1868ರಲ್ಲಿ ಒಮ್ಮೆ, 1874ರಲ್ಲಿ ಮತ್ತೊಮ್ಮೆ, ಆತನು ಪ್ರಧಾನಮಂತ್ರಿಯಾದನು. ಈ ಕಥೆಯನ್ನು ಸಾಮಾನ್ಯವಾಗಿ ಛಲದ ಪಾಠವಾಗಿ ಹುಡುಗರಿಗೆ ಹೇಳುವುದುಂಟು. ನನಗೆ ಇದರಲ್ಲಿ ಬೇರೊಂದು ಪಾಠ ಕಾಣುತ್ತದೆ. ಆತನು ಬೇಡಿದ್ದು ಒಪ್ಪಿಗೆಯನ್ನಲ್ಲ, ಕಿವಿಯನ್ನು. ಡಿಸ್ರೇಲಿಯಂಥ ಗಟ್ಟಿಗರು ಮೂವತ್ತು ವರ್ಷ ಕಾದು ಅದನ್ನು ಗೆದ್ದುಕೊಳ್ಳಬಲ್ಲರು. ಮೊದಲ ನಗೆಗೇ ಕುಳಿತು, ಮತ್ತೆ ಏಳದೆ ಹೋದವರ ಹೆಸರನ್ನು ಯಾವ ಚರಿತ್ರೆ ಬರೆದಿದೆ?

ಕಾಮನ್ಸ್ ಸಭೆಯಲ್ಲಿ ಚಪ್ಪಾಳೆ ತಟ್ಟುವ ಸಂಪ್ರದಾಯವಿಲ್ಲ. ಆ ಸ್ಥಾನವನ್ನು ‘ಹಿಯರ್, ಹಿಯರ್’ ತುಂಬುತ್ತದೆ. 2015ರಲ್ಲಿ ಸ್ಕಾಟ್ಲೆಂಡಿನಿಂದ ಹೊಸದಾಗಿ ಆರಿಸಿಬಂದ ಸದಸ್ಯರು ಚಪ್ಪಾಳೆ ತಟ್ಟಿದಾಗ ಸ್ಪೀಕರ್ ಅವರನ್ನು ತಡೆದು ಸಂಪ್ರದಾಯವನ್ನು ನೆನಪಿಸಿದರು. ಆದರೆ 2003ರ ಮಾರ್ಚ್ 17ರಂದು ಆ ಸಂಪ್ರದಾಯ ಮುರಿಯಿತು. ಇರಾಕಿನ ಮೇಲೆ ಯುದ್ಧ ಹೂಡುವುದನ್ನು ಒಪ್ಪದೆ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟ ರಾಬಿನ್ ಕುಕ್ ತಮ್ಮ ಕಾರಣಗಳನ್ನು ಹೇಳಿ ಕುಳಿತಾಗ ಸಭೆಯಲ್ಲಿ ಚಪ್ಪಾಳೆ ಎದ್ದಿತು. ಮಾರನೆಯ ದಿನ ಅದೇ ಸಭೆ 412 ಮತಗಳಿಂದ, 149ಕ್ಕೆ ವಿರುದ್ಧವಾಗಿ, ಯುದ್ಧಕ್ಕೆ ಒಪ್ಪಿಗೆ ಕೊಟ್ಟಿತು. ಶಾಂತಿಯ ಮಾರ್ಗಗಳು ಮುಗಿಯುವ ಮೊದಲೇ ಯುದ್ಧಕ್ಕೆ ಇಳಿದದ್ದಾಯಿತೆಂದು ಸರಕಾರವೇ ನೇಮಿಸಿದ ಚಿಲ್ಕಾಟ್ ಸಮಿತಿ 2016ರಲ್ಲಿ ವರದಿ ಮಾಡಿತು. ಚಪ್ಪಾಳೆಗೂ ಕೇಳುವುದಕ್ಕೂ ನಡುವೆ ಎಷ್ಟು ದೂರವಿರಬಹುದೆಂಬುದಕ್ಕೆ ಇದೊಂದು ಅಳತೆಗೋಲು. ಮೆಚ್ಚುಗೆ ಬಹಳ ಅಗ್ಗದ ವಸ್ತು. ಅದನ್ನು ಕೊಟ್ಟವನು ತನ್ನ ಅಭಿಪ್ರಾಯದಲ್ಲಿ ಕೂದಲೆಳೆಯಷ್ಟೂ ಅಲುಗಬೇಕಾಗಿಲ್ಲ.

ನಮ್ಮ ದೇಶದ ಚರಿತ್ರೆಯಲ್ಲಿ ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. ನಮ್ಮ ಸಂವಿಧಾನ ಸಭೆಯ ನಡವಳಿಗಳ ಪುಟಗಳಲ್ಲಿ ‘ಹಿಯರ್, ಹಿಯರ್’ ಎಂಬ ಉದ್ಗಾರ ಆವರಣ ಚಿಹ್ನೆಗಳ ನಡುವೆ ಅಲ್ಲಲ್ಲಿ ಅಚ್ಚಾಗಿದೆ. 1946ರ ಡಿಸೆಂಬರ್ 13ರಂದು ಜವಾಹರಲಾಲ್ ನೆಹರೂ ಅವರು ಧ್ಯೇಯಗಳ ಗೊತ್ತುವಳಿಯನ್ನು ಮಂಡಿಸಿದರು. ಮುಸ್ಲಿಂ ಲೀಗಿನವರೂ ಸಂಸ್ಥಾನಗಳವರೂ ಸಭೆಗೆ ಬರುವ ಅವಕಾಶವಿರಲೆಂದು ಎಂ. ಆರ್. ಜಯಕರ್ ಅವರು ಗೊತ್ತುವಳಿಯನ್ನು ಮುಂದಕ್ಕೆ ಹಾಕುವ ತಿದ್ದುಪಡಿ ತಂದರು. ಅಲ್ಲಿದ್ದ ಬಹುಮಂದಿಗೆ ಅದು ಹಿಡಿಸಲಿಲ್ಲ. 17ರಂದು ಅಧ್ಯಕ್ಷರಾದ ರಾಜೇಂದ್ರ ಪ್ರಸಾದರು ಡಾ. ಅಂಬೇಡ್ಕರ್ ಅವರನ್ನು ಮಾತನಾಡಲು ಕರೆದರು. ಕಾಂಗ್ರೆಸ್ಸನ್ನು ಅಷ್ಟು ವರ್ಷ ಎದುರಿಸಿ ನಿಂತವರು ಅವರು; ಅವರ ಎದುರಿಗೆ ತುಂಬಿ ಕುಳಿತವರು ಕಾಂಗ್ರೆಸ್ಸಿನವರು. ಅವರು ಎತ್ತಿ ಹಿಡಿದದ್ದು ಸಭೆಗೆ ಬೇಡವಾದ ಆ ತಿದ್ದುಪಡಿಯ ಆಶಯವನ್ನೇ. ಸಭೆ ಅವರ ಮಾತನ್ನು ಕೇಳಿತು. ಗೊತ್ತುವಳಿಯನ್ನು ಅವಸರದಿಂದ ಮತಕ್ಕೆ ಹಾಕದೆ ಮುಂದಕ್ಕೆ ಬಿಟ್ಟರು. ಅದು ಅಂಗೀಕಾರವಾದದ್ದು 1947ರ ಜನವರಿ 22ರಂದು. ಆ ದಿನ ವಿರೋಧಿಯೆಂದು ಬಗೆದು ಅವರ ಧ್ವನಿಯನ್ನು ಮುಳುಗಿಸಿದ್ದರೆ ಸಭೆ ಯಾರನ್ನು ಕಳೆದುಕೊಳ್ಳುತ್ತಿತ್ತೆಂಬುದನ್ನು, ಅದೇ ವರ್ಷದ ಆಗಸ್ಟಿನಲ್ಲಿ ಕರಡು ಸಮಿತಿ ಯಾರ ಕೈಗೆ ಬಂತೆಂಬುದನ್ನು ಬಲ್ಲ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಸಭೆ ಕೊಟ್ಟ ಸಂವಿಧಾನದ 105ನೆಯ ಅನುಚ್ಛೇದ ಸಂಸತ್ತಿನ ಸದಸ್ಯರಿಗೂ, 194ನೆಯ ಅನುಚ್ಛೇದ ರಾಜ್ಯಗಳ ಶಾಸಕರಿಗೂ ಸದನದೊಳಗೆ ಮಾತಿನ ಸ್ವಾತಂತ್ರ್ಯವನ್ನು ಕೊಟ್ಟಿವೆ. ಮಾತನಾಡುತ್ತಿರುವ ಸದಸ್ಯನನ್ನು ಕೂಗಿನಿಂದಾಗಲಿ ಸದ್ದಿನಿಂದಾಗಲಿ ತಡೆಯಬಾರದೆಂದು ಲೋಕಸಭೆಯ 349ನೆಯ ನಿಯಮ ವಿಧಿಸುತ್ತದೆ. ಆದರೂ ಇಂದು ನಮ್ಮ ಸದನಗಳಲ್ಲಿ ಮೇಜು ಕುಟ್ಟುವ ಸದ್ದು ಎಷ್ಟು, ಘೋಷಣೆಯ ಸದ್ದು ಎಷ್ಟು, ಅವುಗಳ ನಡುವೆ ಮಾತಿಗೆ ಉಳಿಯುವ ಜಾಗ ಎಷ್ಟು ಎಂಬುದು ದೂರದರ್ಶನ ನೋಡುವ ಎಲ್ಲರಿಗೂ ಗೊತ್ತಿದೆ. ನಾಲಗೆಗೆ ಕಾಯಿದೆ ಸ್ವಾತಂತ್ರ್ಯ ಕೊಡಬಹುದು. ಕಿವಿಗೆ ತೆರೆದುಕೊಳ್ಳೆಂದು ಆಜ್ಞೆ ಮಾಡಲು ಯಾವ ಕಾಯಿದೆಗೂ ಶಕ್ತಿಯಿಲ್ಲ. ಅದು ಸಭಿಕರ ಸಂಸ್ಕಾರಕ್ಕೆ ಬಿಟ್ಟದ್ದು.

ಸಂಸ್ಕಾರವೆಂದಾಗ ನನಗೆ ನಮ್ಮ ನುಡಿಯ ನೆನಪಾಗುತ್ತದೆ. ಇಂಗ್ಲಿಷಿನಲ್ಲಿ ಕಿವಿಗೊಡುವುದಕ್ಕೆ ಒಂದು ಕ್ರಿಯಾಪದ, ಪ್ರಶ್ನಿಸುವುದಕ್ಕೆ ಬೇರೊಂದು. ಕನ್ನಡದಲ್ಲಿ ಎರಡಕ್ಕೂ ‘ಕೇಳು’ ಒಂದೇ. ಹೇಳಿದ್ದನ್ನು ಕೇಳುತ್ತೇವೆ, ತಿಳಿಯದ್ದನ್ನೂ ಕೇಳುತ್ತೇವೆ. ಇದನ್ನು ಭಾಷೆಯ ಬಡತನವೆಂದು ಕೆಲವರು ಎಣಿಸಬಹುದು. ನನಗೆ ಇದು ದೊಡ್ಡ ಸಂಪತ್ತಾಗಿ ತೋರುತ್ತದೆ. ಕಿವಿಗೊಟ್ಟವನಿಗೆ ಮಾತ್ರ ಪ್ರಶ್ನೆ ಹುಟ್ಟುತ್ತದೆ, ಪ್ರಶ್ನೆ ಇರುವವನು ಮಾತ್ರ ಸರಿಯಾಗಿ ಕಿವಿಗೊಡುತ್ತಾನೆ ಎಂಬ ಅರಿವು ಆ ಒಂದು ಮಾತಿನಲ್ಲಿ ಅಡಗಿದೆ. ನಮ್ಮ ಕಾವ್ಯಗಳೂ ಇದಕ್ಕೆ ಸಾಕ್ಷಿ. ಕುಮಾರವ್ಯಾಸನ ಭಾರತದಲ್ಲಿ ವೈಶಂಪಾಯನನು ಜನಮೇಜಯನನ್ನು ಕುರಿತು ಕೇಳೆಂದು ಮತ್ತೆ ಮತ್ತೆ ಹೇಳುತ್ತಾನೆ. ಆ ಜನಮೇಜಯನು ಕೇಳಿದ್ದರಿಂದಲೇ, ಎಂದರೆ ಪ್ರಶ್ನಿಸಿದ್ದರಿಂದಲೇ, ಕಥೆ ಹೊರಟದ್ದು. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿ ಶರಣರ ಕೂಟಕ್ಕೆ ಬಂದಾಗ ಅಲ್ಲಮಪ್ರಭು ಅವಳನ್ನು ಎದುರುಗೊಂಡದ್ದು ಹೊಗಳಿಕೆಯಿಂದಲ್ಲ, ಒಂದರ ಮೇಲೊಂದು ಪ್ರಶ್ನೆಯಿಂದ. ಉತ್ತರವನ್ನು ಪೂರ್ತಿಯಾಗಿ ಕೇಳಿದ ಬಳಿಕ ಬಂದ ಗೌರವಕ್ಕೆ ಬೆಲೆಯಿತ್ತು.

ಈ ಬೆಳಕಿನಲ್ಲಿ ನಮ್ಮ ಸಾಹಿತ್ಯಸಭೆಗಳನ್ನು ನೋಡಿದರೆ ಹೆಮ್ಮೆಪಡುವಂಥದು ಹೆಚ್ಚೇನೂ ಕಾಣುವುದಿಲ್ಲ. ಸದನಗಳ ಗದ್ದಲವನ್ನು ಖಂಡಿಸುವ ನಾವು ಮೌನವಾಗಿ ಅದನ್ನೇ ಮಾಡುತ್ತೇವೆ. ಸ್ವಾಗತ, ಹಾರ, ಪರಿಚಯ, ಸನ್ಮಾನಗಳಿಗೆ ಒಂದು ಗಂಟೆ. ಉಪನ್ಯಾಸಕ್ಕೆ ಅರ್ಧ ಗಂಟೆ. ಸಂವಾದಕ್ಕೆಂದು ಅಚ್ಚುಹಾಕಿಸಿದ ಹತ್ತು ನಿಮಿಷವನ್ನು ಅಧ್ಯಕ್ಷರ ಭಾಷಣ ನುಂಗಿಹಾಕುತ್ತದೆ. ಚಪ್ಪಾಳೆಗೆ ಕೊರತೆಯಿಲ್ಲ, ಉಪನ್ಯಾಸಕರು ಹೇಳಿದ್ದೇನೆಂದು ಹೊರಗೆ ಬಂದವರನ್ನು ವಿಚಾರಿಸಿದರೆ ‘ಚೆನ್ನಾಗಿ ಮಾತನಾಡಿದರು’ ಎಂಬ ಉತ್ತರ. ಯಾರಾದರೂ ಹುಡುಗ ಧೈರ್ಯ ಮಾಡಿ ಎದ್ದು, ‘ನೀವು ಹೇಳಿದ ಇಂಥ ಮಾತು ನನಗೆ ಒಪ್ಪಿಗೆಯಾಗಲಿಲ್ಲ’ ಎಂದರೆ, ಮುಂದಿನ ಸಾಲಿನ ಹಿರಿಯರು ಹಿಂದಿರುಗಿ ನೋಡುವ ನೋಟದಲ್ಲಿಯೇ ಅವನು ಕುಳಿತುಬಿಡುತ್ತಾನೆ. ಆ ನೋಟಕ್ಕೂ ಕಾಮನ್ಸ್ ಸಭೆಯ ಕೆಮ್ಮಿಗೂ ಏನು ಭೇದ?

ಹಾಗಾದರೆ ಮೆಚ್ಚುಗೆಯೇ ಬೇಡವೆ ಎಂದು ಕೇಳಬಹುದು. ಧಾರಾಳವಾಗಿ ಇರಲಿ. ಒಳ್ಳೆಯ ಮಾತಿಗೆ ಮನಸ್ಸು ಅರಳಿ ಬಾಯಿ ‘ಭಲೆ’ ಎನ್ನುವುದನ್ನು ತಡೆಯುವುದು ಯಾರಿಗೂ ಸಾಧ್ಯವಿಲ್ಲ. ತಡೆಯುವುದು ರಸಿಕತನವೂ ಅಲ್ಲ. ಒಪ್ಪಿಗೆಯಿಲ್ಲದ ಮಾತನ್ನೂ ಕೇಳುತ್ತ ಕುಳಿತರೆ ಸುಳ್ಳಿಗೂ ದ್ವೇಷಕ್ಕೂ ಆಸನ ಹಾಕಿಕೊಟ್ಟಂತಾಗುವುದಿಲ್ಲವೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ಅದಕ್ಕೆ ನನ್ನ ಉತ್ತರವಿಷ್ಟೆ: ಸುಳ್ಳನ್ನು ಮುರಿಯಬೇಕಾದರೂ ಅದನ್ನು ಮೊದಲು ಸರಿಯಾಗಿ ಕೇಳಿರಬೇಕು. ಕೂಗಿ ಕೂರಿಸಿದ ಸುಳ್ಳು ಸೋತಂತಲ್ಲ. ಅದು ಹೊರಗೆ ಹೋಗಿ, ಉತ್ತರ ಕೊಡುವವರಿಲ್ಲದ ಕಡೆ, ತನ್ನ ಸಭೆಯನ್ನು ಬೇರೆ ಕೂಡಿಸಿಕೊಳ್ಳುತ್ತದೆ.

ನಾನು ಕೇಳಿಕೊಳ್ಳುವುದು ಬಹಳ ಸಣ್ಣದು. ‘ಹಿಯರ್, ಹಿಯರ್’ ಎಂಬುದರಿಂದ ಬಿದ್ದುಹೋದ ಆ ಸರ್ವನಾಮವನ್ನು ನಾವು ಕನ್ನಡದಲ್ಲಿ ಮತ್ತೆ ಎತ್ತಿಕೊಳ್ಳೋಣ. ನಮಗೆ ಹಿಡಿಸದ ಮಾತನ್ನು ಹೇಳಲು ಒಬ್ಬರು ಎದ್ದು ನಿಂತಾಗ, ಸಭೆಯಲ್ಲಿ ಗುಜುಗುಜು ಹುಟ್ಟಿದಾಗ, ನಮ್ಮಲ್ಲಿ ಒಬ್ಬರಾದರೂ ‘ಅವರ ಮಾತು ಮುಗಿಯಲಿ, ಕೇಳೋಣ’ ಎನ್ನಬೇಕು. ತಮ್ಮ ಪಕ್ಷದವರ ಪರವಾಗಿ ಹಾಗೆನ್ನುವುದು ಸುಲಭ. ಎದುರು ಪಕ್ಷದವರ ಪರವಾಗಿ ಹೇಳಿದಾಗಲೇ ಆ ಮಾತಿಗೆ ಅದರ ಹಳೆಯ ತೂಕ ಬರುವುದು. ಅವರ ಮಾತು ಮುಗಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳಿದೆವೆಂದರೆ ನಮ್ಮ ‘ಕೇಳು’ ಎಂಬ ಕ್ರಿಯಾಪದದ ಎರಡು ಅರ್ಥಗಳೂ ಸಂದಂತಾಗುತ್ತದೆ. ಉಪಾಧ್ಯಾಯರು ಇದನ್ನು ತರಗತಿಯ ಚರ್ಚಾಕೂಟದಿಂದಲೇ ರೂಢಿಮಾಡಿಸಿದರೆ, ಮುಂದೆ ಆ ಹುಡುಗರು ಕೂರುವ ಸಭೆಗಳು, ಅವು ಊರಿನ ಸಂಘದ್ದಾಗಲಿ ರಾಜ್ಯದ ಶಾಸನಸಭೆಯಾಗಲಿ, ಈಗಿನವಕ್ಕಿಂತ ಸ್ವಲ್ಪವಾದರೂ ಮೇಲಾಗಬಹುದೆಂದು ನನ್ನ ನಂಬಿಕೆ.